ಯಳವಿಯ ನೀಲವ್ವ ಕೊಟ್ಟ ಹಿಂದಿನ ಅಚ್ಚು

ಹೋದ ವರ್ಷದ ದಾಳಿಂಬೆ ಸುಗ್ಗಿ. ನಮ್ಮೂರು ಸಂಖದಿಂದ ಹಣ್ಣು ತುಂಬಿಕೊಂಡು ನಾನೂ ನನ್ನ ಗಂಡನೂ ಜತ್ತದ ಪೇಟೆಗೆ ಹೊರಟಿದ್ದೆವು. ನಮ್ಮ ಪಿಕಪ್ ಮಾವನವರ ಕಾಲದ್ದು, ವಯಸ್ಸಿನಲ್ಲಿ ನನಗಿಂತ ದೊಡ್ಡದು. ನಾನು ಮದುವೆಯಾಗಿ ಈ ಮನೆಗೆ ಬಂದದ್ದೂ ಅದರಲ್ಲೇ.

ಜತ್ತ ಇನ್ನೇನು ಬಂತು ಅನ್ನುವಾಗ ಹಿಂದೆ ಕಟಕ್ ಎಂದಿತು. ಎಂಜಿನ್ ಒಂದೇ ಸಮ ಕೂಗುತ್ತಿತ್ತು, ಗಾಡಿ ಮಾತ್ರ ಕದಲಲಿಲ್ಲ. ಹಣ್ಣನ್ನು ಬೇರೆ ಟೆಂಪೋದಲ್ಲಿ ಕಳಿಸಿ, ಪಿಕಪ್ಪನ್ನು ಟ್ರ್ಯಾಕ್ಟರಿಗೆ ಕಟ್ಟಿ ಗ್ಯಾರೇಜಿಗೆ ಎಳೆಸಿದೆವು. ಹಿಂದಿನ ಗಾಲಿಗಳನ್ನು ತಿರುಗಿಸುವ ಅಚ್ಚು ತುಂಡಾಗಿತ್ತು.

"ಈ ಗಾಡಿ ಸಾಮಾನು ಈಗ ಎಲ್ಲೂ ಬರಂಗಿಲ್ಲರಿ," ಎಂದ ಮೇಸ್ತ್ರಿ.

ಸಾಂಗಲಿ, ವಿಜಯಪುರ ಎಂದು ಎಲ್ಲ ಕಡೆ ವಿಚಾರಿಸಿದೆವು. ಗುಜರಿಯವರು, "ಇಡೀ ಗಾಡೀನ ಕೊಟ್ಟಬಿಡ್ರಿ," ಎಂದರು. ನನ್ನ ಗಂಡ ಗಾಡಿ ಕೊಡಲು ಒಪ್ಪಲಿಲ್ಲ. ದಿನಾ ಗ್ಯಾರೇಜಿಗೆ ಹೋಗಿ ಆ ಗಾಡಿಯಲ್ಲಿ ಸುಮ್ಮನೆ ಕೂತು ಬರುತ್ತಿದ್ದರು. ಅದನ್ನು ನೋಡಲಾಗುತ್ತಿರಲಿಲ್ಲ.

ಒಂದು ದಿನ ಮೇಸ್ತ್ರಿಯ ಫೋನು ಬಂತು. "ವೈನಿ, ಯಳವಿ ಊರಾಗ ಒಂದು ಹಳೇ ಜೀಪ್ ನಿಂತೈತಿ. ಅದರ ಅಚ್ಚು ನಿಮ್ಮದಕ್ಕ ಕೂಡತೈತಿ. ಆದ್ರ ಅವರು ಯಾರಿಗೂ ಕೊಡಂಗಿಲ್ಲ ಅಂತಾರ."

ಹೋಗಿ ನೋಡಿದರೆ, ಬೇವಿನ ಗಿಡದ ಕೆಳಗೆ ಜೀಪು. ಸೀಟಿನ ಮೇಲೆ ಕೋಳಿಯೊಂದು ಕಾವಿಗೆ ಕೂತಿತ್ತು. ಜೀಪಿನ ಒಡತಿ ನೀಲವ್ವ, "ಬರ್ರಿ, ಕುಂದ್ರಿ," ಎಂದು ಚಹಾ ಕೊಟ್ಟಳು. ಅದು ಅವಳ ಗಂಡನ ಜೀಪು. ಆತ ತೀರಿಕೊಂಡ ಮೇಲೆ ನಿಂತದ್ದು ಅಲ್ಲೇ ನಿಂತಿತ್ತು. ನಾನು ಚಹಾ ಕುಡಿಯುತ್ತ ಕೂತೆ. ಅಷ್ಟರಲ್ಲಿ ನನ್ನ ಗಂಡ ಹೆಗಲ ಟವೆಲ್ಲಿನಿಂದ ಅದರ ಬಾನೆಟ್ಟಿನ ಧೂಳು ಒರೆಸುತ್ತ ನಿಂತಿದ್ದರು.

ನೀಲವ್ವ ಅದನ್ನೇ ನೋಡಿದಳು. "ನಮ್ಮವರೂ ಹಿಂಗ ಒರಸತಿದ್ರು. ಏನ ಬೇಕಾಗಿತ್ತವಾ?"

ಹೇಳಿದೆ.

"ಬಂದವರೆಲ್ಲ ತೂಕ ಎಷ್ಟಾಕ್ಕೈತಿ ಅಂತ ಕೇಳತಿದ್ರು. ನೀವು ಓಡಸಾಕ ಕೇಳತೀರಿ. ಬಿಚ್ಚಕೊಂಡ ಹೋಗ್ರಿ."

ಮರುದಿನ ಮೇಸ್ತ್ರಿ ಬಂದ. ನೀಲವ್ವನ ಸೊಸೆ ಕೋಳಿಯನ್ನು ಮೊಟ್ಟೆ ಸಮೇತ ಬುಟ್ಟಿಗೆ ಎತ್ತಿಟ್ಟಳು. ಅಚ್ಚು ಗಾಲಿ ಸಮೇತ ಹೊರಬಂದು ಜೀಪು ಕಲ್ಲುಗಳ ಮೇಲೆ ಕೂತಾಗ ನೀಲವ್ವನ ಮುಖ ಸಣ್ಣದಾಯಿತು. ನನಗೆ ತಡೆಯಲಾಗಲಿಲ್ಲ. "ಬ್ಯಾಡ ಅನಸಿದ್ರ ಈಗೂ ಹೇಳ್ರಿ, ತಿರುಗಿ ಕೂಡಸತೀವಿ," ಎಂದೆ.

"ಒಯ್ಯಿರಿ. ನಿಂತ ನಿಂತ ಅದಕ್ಕೂ ಬ್ಯಾಸರಾಗೈತಿ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಏನು ಕೊಡಲಿ ಎಂದರೆ, "ಗಾಡಿ ಓಡಿದ ಮ್ಯಾಲೆ ನನ್ನ ಒಂದ ಸುತ್ತ ಕರಕೊಂಡ ಹೋಗ್ರಿ," ಎಂದಳು.

ಗಾಡಿ ಓಡಿತು. ಮೊದಲು ಯಳವಿಗೇ ಹೋದೆವು. ನೀಲವ್ವ ಇಳಕಲ್ ಸೀರೆ ಉಟ್ಟು ಕಾದಿದ್ದಳು. ನಾನು ಮುಂದಿನ ಬಾಗಿಲು ತೆಗೆದೆ.

"ಮುಂದಿಂದು ನಿಮ್ಮದು. ಹಿಂದಿನ ಗಾಲಿ ನಮ್ಮದು. ನಾ ಹಿಂದ ಕುಂದರತೇನಿ," ಎಂದು ಕುರ್ಚಿ ಹಾಕಿಸಿಕೊಂಡು ಹತ್ತಿಯೇ ಬಿಟ್ಟಳು. ನಾನೂ ಪಕ್ಕದಲ್ಲಿ ಕೂತೆ. ಗಾಡಿ ಹೊರಟಾಗ ತಗಡಿನ ಮೇಲೆ ಅಂಗೈ ಊರಿ ಕಣ್ಣು ಮುಚ್ಚಿದಳು. ಕೆಳಗೆ ಗಾಲಿ ತಿರುಗುವುದು ಕೈಗೆ ತಿಳಿಯುತ್ತಿತ್ತು.

"ಜೋರ ಆತೇನ್ರಿ?" ಎಂದು ಕೇಳಿದೆ.

"ಇನ್ನೂ ಜೋರ ಬಿಡ ಅನ್ನು ನಿನ್ನ ಗಂಡಗ. ನಮ್ಮವರು ಇದಕ್ಕಿಂತ ಜೋರ ಬಿಡತಿದ್ರು!" ಎಂದು ನಕ್ಕಳು.

ಈಗಲೂ ಆಗಾಗ ಫೋನು ಮಾಡುತ್ತಾಳೆ. "ನಮ್ಮ ಗಾಲಿ ಆರಾಮ ಅದಾವಿಲ್ಲೋ?" ಎಂದು ಮೊದಲು ಕೇಳಿ, ಆಮೇಲೆ ನನ್ನನ್ನು ವಿಚಾರಿಸುತ್ತಾಳೆ. ಆ ದನಿ ಕೇಳಿದರೆ ನನಗೆ ತವರಿನಿಂದ ಫೋನು ಬಂದಷ್ಟು ಹಿತವಾಗುತ್ತದೆ.