ಚುಂಬಕ ಹಿಡಿಯದ ಮೊಳಕೈ

ಆಗೆಲ್ಲ ಯಾರದಾದರೂ ಎಲುಬು ಮುರಿದರೆ ಅದು ಅವರೊಬ್ಬರ ಎಲುಬಾಗಿ ಉಳಿಯುತ್ತಿರಲಿಲ್ಲ, ಇಡೀ ಓಣಿಯ ಎಲುಬಾಗುತ್ತಿತ್ತು. ನನ್ನದು ಮುರಿದದ್ದು ಪಾರಿಶ್ವಾಡದಲ್ಲಿ, ಹುಣಸೆಗಿಡದಿಂದ ಬಿದ್ದು. ಮೊಳಕೈ ಕೆಳಗಿನ ಎಲುಬು ಎರಡು ತುಂಡು. ಇನ್ನೊಂದು ಕೈಯಲ್ಲಿದ್ದ ಹುಣಸೆಕಾಯಿಗೆ ಮಾತ್ರ ಏನೂ ಆಗಿರಲಿಲ್ಲ. ಅಳುತ್ತಲೇ ತಿಂದೆ.

ಎಲುಬು ಕಟ್ಟುವ ಬಸಲಿಂಗಜ್ಜ ಅಂದು ಊರಲ್ಲಿರಲಿಲ್ಲ. ಅದೇ ನನ್ನ ಪುಣ್ಯ. ಅವನು ಎಳೆದು, ಬಿದಿರಿನ ಪಟ್ಟಿ ಇಟ್ಟು ಕಟ್ಟಿದ ಕೈಗಳು ನಮ್ಮೂರಲ್ಲಿ ಕುಡುಗೋಲಿನಂತೆ ಡೊಂಕಾಗಿ ತಿರುಗಾಡುತ್ತಿದ್ದವು. ಅಪ್ಪ ನನ್ನನ್ನು ಬೆಳಗಾವಿಗೆ ಒಯ್ದ. ಡಾಕ್ಟರು ಕೈ ಕೊಯ್ದು, ಎಲುಬಿನ ಮೇಲೆ ಉಕ್ಕಿನ ಪ್ಲೇಟ್ ಇಟ್ಟು, ಸ್ಕ್ರೂ ಬಿಗಿದು ಹೊಲಿದರು.

"ದಿನಾ ಮಡಚಿ ಬಿಚ್ಚಬೇಕವಾ. ಇಲ್ಲಂದ್ರ ಕೈ ಹಂಗ ಸೆಟದು ನಿಲ್ಲತೈತಿ" ಎಂದರು.

ಯಾರು ಮಡಚುತ್ತಾರೆ? ನೋಯುತ್ತಿತ್ತು. ಗಾಯ ಮಾಯಿತು, ಕೈ ಅರ್ಧಕ್ಕೇ ನಿಂತಿತು. ಆಯಿ, ಅಂದರೆ ಅಪ್ಪನ ಅವ್ವ, ತುಪ್ಪ ಸುರಿದು ರವೆ-ಬೆಲ್ಲದ ಸಜ್ಜಕ ತಿನ್ನಿಸಿದ್ದೇ ತಿನ್ನಿಸಿದ್ದು. ನೋಡಲು ಬಂದವರೆಲ್ಲ ಒತ್ತಿ ಒತ್ತಿ ಪ್ಲೇಟ್ ಹುಡುಕಿದರು. ಸಜ್ಜಕ ತಿಂದು ಉಬ್ಬಿದ ಮೈಯಲ್ಲಿ ಏನು ಸಿಕ್ಕೀತು?

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯಲ್ಲಿ ಕೆಲಸಕ್ಕಿದ್ದ ಕಲ್ಲಪ್ಪ ಮಾವ ಒಂದು ರವಿವಾರ ಚುಂಬಕ ಹಿಡಿದುಕೊಂಡೇ ಬಂದ. ಮೊದಲು ಈಳಿಗೆಗೆ ಹಿಡಿದ. ಟಕ್ಕೆಂದು ಅಂಟಿತು. ನನ್ನ ಕೈಗೆ ಹಿಡಿದ. ಜಾರಿ ಕೆಳಗೆ ಬಿತ್ತು.

"ಮೋಸ ಮಾಡ್ಯಾರ! ಒಳಗ ಏನೂ ಇಲ್ಲ, ಬರೇ ಹೊಲದು ಕಳಸ್ಯಾರ."

"ಅದಕ್ಕs ಕೈ ಮಡಚವಲ್ದು. ಬಸಲಿಂಗಪ್ಪನ್ನ ಕರೀರಿ, ಎಳದು ಹೊಸದಾಗಿ ಕಟ್ಟಲಿ" ಎಂದಳು ಆಯಿ.

ಆ ಉಕ್ಕು ಚುಂಬಕ ಹಿಡಿಯುವ ಜಾತಿಯದಲ್ಲ ಎಂದು ಡಾಕ್ಟರು ಹೇಳಿ ನಕ್ಕದ್ದು ಆಮೇಲೆ. ಅವತ್ತು ನನ್ನ ಪರವಾಗಿ ಮಾತನಾಡಲು ಒಂದು ನಾಯಿಯೂ ಇರಲಿಲ್ಲ.

ಬಸಲಿಂಗಜ್ಜ ಔಡಲೆಣ್ಣೆ, ಬಿದಿರಿನ ಪಟ್ಟಿ ಹಿಡಿದು ಬಂದ. ಎಣ್ಣೆಯ ವಾಸನೆಗೇ ನಾನು ಗೋಡೆಗೆ ಸರಿದೆ.

"ಬಾ ನಮ್ಮವ್ವ. ಇರವಿ ಕಡದಂಗ ಆಗತೈತಿ, ಅಷ್ಟ."

"ಇರವಿ ನಿನಗs ಕಡೀಲಿ!"

ಮಾವ ಭುಜ ಒತ್ತಿಹಿಡಿದ. ಅಜ್ಜ ನನ್ನ ಮುಂಗೈ ಹಿಡಿದು ಬಗ್ಗಿ ಎಳೆದ. ನಾನು ಜೀವ ಒತ್ತೆಯಿಟ್ಟು ಕೈ ನನ್ನ ಕಡೆ ಜಗ್ಗಿಕೊಂಡೆ. ಕೈ ಪಟ್ಟನೆ ಮಡಚಿ, ಮೊಳಕೈ ಮೇಲೆದ್ದು ಅಜ್ಜನ ಗದ್ದಕ್ಕೆ ಬಡಿಯಿತು. ನನಗೂ ಕಣ್ಣಲ್ಲಿ ಚಿಕ್ಕೆ ಕಂಡವು.

ಅಜ್ಜ ಗದ್ದ ಹಿಡಿದು ಕುಳಿತುಬಿಟ್ಟ. "ಐತ್ರಿ! ಕಬ್ಬಿಣ ಖರೇ ಐತಿ!"

ಬಡಿದದ್ದು ಕಬ್ಬಿಣವೋ ಎಲುಬೋ, ನನಗೂ ಗೊತ್ತಿಲ್ಲ. ಅವ್ವ ಮಾತ್ರ ನನ್ನ ಕೈಯನ್ನೇ ನೋಡುತ್ತಿದ್ದಳು. "ಅಯ್ಯ ಶಿವನ, ಪೂರಾ ಮಡಚ್ತಲ್ಲ!"

ಮಾವ ಚುಂಬಕ ಕಿಸೆಗೆ ಹಾಕಿಕೊಂಡ.

ಈಚೆಗೆ, ನಾವೀಗ ಇರುವ ಬೆಳಗಾವಿಯ ರಾಮತೀರ್ಥ ನಗರದಲ್ಲಿ ನನ್ನ ಮೊಮ್ಮಗಳು ಸ್ಕೂಟಿಯಿಂದ ಬಿದ್ದಳು. ಅದೇ ಎಲುಬು, ಅಂಥದೇ ಪ್ಲೇಟ್. ಬಾಜು ಮನೆಯವರಿಗೆ ಗೊತ್ತಾದದ್ದು ಹೊಲಿಗೆ ಬಿಚ್ಚಿದ ಮೇಲೆ. ಒತ್ತಿ ನೋಡಲು ಯಾರೂ ಬರಲಿಲ್ಲ, ಬೈಸಿಕೊಳ್ಳಲೂ ಬರಲಿಲ್ಲ. ಬಸಲಿಂಗಜ್ಜನ ಎಲುಬು ಕಟ್ಟುವ ವಿದ್ಯೆ ಹೋಯಿತೆಂದು ನಾನೇನೂ ಅಳುವವಳಲ್ಲ. ಹೋದದ್ದೇ ಛಲೋ. ಆದರೆ ಹುಡುಗಿ ಕೋಣೆಯ ಬಾಗಿಲು ಹಾಕಿಕೊಂಡು, ಮೊಬೈಲ್ ನೋಡುತ್ತ ಒಬ್ಬಳೇ ಕೈ ಮಡಚುತ್ತಾಳೆ. ನೋವಾದ ಕೂಡಲೇ ಬಿಡುತ್ತಾಳೆ. ಇನ್ನೂ ಅರ್ಧಕ್ಕೇ ನಿಂತಿದೆ. ಪಾಪ, ಅವಳಿಗೆ ಬಡಿಯಲು ಒಂದು ಗದ್ದವಾದರೂ ಎಲ್ಲಿದೆ?