ಗೋಡೆಗೆ ಮುಖ ಮಾಡಿದ ಕೊಡ

ನಾನು ಚಿಕ್ಕವಳಿದ್ದಾಗ ನಮ್ಮ ಶಹಾಬಾದಿನಲ್ಲಿ ಚಿತ್ರ ಅಂದರೆ ಕ್ಯಾಲೆಂಡರು. ಕಿರಾಣಿ ಅಂಗಡಿಯವರು ಕೊಟ್ಟ ಲಕ್ಷ್ಮಿ, ಬಟ್ಟೆ ಅಂಗಡಿಯವರು ಕೊಟ್ಟ ಹಿಮದ ಬೆಟ್ಟ. ಇವೆರಡನ್ನು ಬಿಟ್ಟು ಗೋಡೆಗೆ ತೂಗುಹಾಕುವಂಥದ್ದು ಮತ್ತೇನಾದರೂ ಇದೆ ಎಂದು ಯಾರೂ ಅಂದುಕೊಂಡಿರಲಿಲ್ಲ. ಬೇಸಿಗೆಯಲ್ಲಿ ತಲೆಯ ಮೇಲೆ ಮಾಳಿಗೆಗೆ ಹಾಸಿದ ಪರಸಿ ಕಲ್ಲು ರೊಟ್ಟಿ ಹಂಚಿನ ಹಾಗೆ ಕಾಯುತ್ತಿತ್ತು. ನಾವು ಅದರ ಕೆಳಗೆ ಕೂತು ಆ ಹಿಮದ ಬೆಟ್ಟವನ್ನು ನೋಡುತ್ತಾ ಬೀಸಣಿಕೆಯಿಂದ ಗಾಳಿ ಹಾಕಿಕೊಳ್ಳುತ್ತಿದ್ದೆವು. ನೀರು ತರುವ ಕೊಡವೂ ಒಂದು ದಿನ ಚಿತ್ರವಾಗುತ್ತದೆ ಎಂದು ಆಗ ಯಾರಾದರೂ ಹೇಳಿದ್ದರೆ ತಲೆ ಕೆಟ್ಟಿದೆ ಅನ್ನುತ್ತಿದ್ದೆ. ಆಮೇಲೆ ತಲೆ ಕೆಟ್ಟದ್ದು ನನಗೇ.

ಕೊಡ ಅವ್ವನದು. ಮಳಖೇಡದ ತವರಿನಿಂದ ಮದುವೆಯಲ್ಲಿ ಬಂದದ್ದು. ಹಿತ್ತಾಳೆಯದು, ಕಂಠದ ಕೆಳಗೆ ಒಂದು ಸಾಲು ಬಳ್ಳಿ ಕೆತ್ತಿತ್ತು. ಮದುವೆಯಾಗಿ ಎರಡು ತಿಂಗಳು ಕೂಡ ಆಗಿರಲಿಲ್ಲವಂತೆ, ಬಾವಿಯ ಮೆಟ್ಟಿಲಲ್ಲಿ ಅವ್ವನ ಕಾಲು ಜಾರಿ ಕೊಡ ಕಲ್ಲಿಗೆ ಬಡಿಯಿತು. ಅದರ ಹೊಟ್ಟೆಯ ಒಂದು ಬದಿ ಅಂಗೈ ಅಗಲದಷ್ಟು ಒಳಕ್ಕೆ ಹೋಯಿತು. ಹಾಗೆ ಒಳಕ್ಕೆ ಹೋದದ್ದಕ್ಕೆ ನಮ್ಮ ಕಡೆ ನಗ್ಗು ಅನ್ನುತ್ತಾರೆ. ನನ್ನ ಆಯಿ, ಅಂದರೆ ಅಪ್ಪನ ತಾಯಿ, ಬದುಕಿರುವ ತನಕ ಆ ನಗ್ಗನ್ನು ಬಿಡಲಿಲ್ಲ.

ಬಾವಿಯಿಂದ ಬಂದು ಕೊಡ ಇಳಿಸುವಾಗ ಅವ್ವ ನಗ್ಗನ್ನು ಗೋಡೆಯ ಕಡೆ ಮಾಡಿ ಇಡುತ್ತಿದ್ದಳು. ಮನೆಗೆ ಬೀಗರು ಬಂದು ಕೂತರೋ, ಆಯಿಗೆ ಎಲ್ಲಿಲ್ಲದ ನೀರಡಿಕೆ. ನೀರು ಕುಡಿಯುವ ನೆವದಲ್ಲಿ ಎದ್ದುಹೋಗಿ, ನಗ್ಗು ಹೊರಗೆ ಕಾಣುವಂತೆ ಕೊಡ ತಿರುಗಿಸಿ ಬರುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅವ್ವ ಚಹಾದ ನೆವದಲ್ಲಿ ಒಳಗೆ ಹೋಗಿ ಮತ್ತೆ ಗೋಡೆಗೆ ತಿರುಗಿಸುತ್ತಿದ್ದಳು. ಇಬ್ಬರೂ ಒಂದು ಮಾತೂ ಆಡುತ್ತಿರಲಿಲ್ಲ. ತುಂಬಿದ ಕೊಡ ಕಲ್ಲಿನ ಮೇಲೆ ತಿರುಗುವಾಗ ಕರ್ ಅನ್ನುತ್ತಿತ್ತು. ನಾನು ಹೊರಗೆ ಕೂತೇ ಈಗ ತಿರುಗಿಸಿದವರು ಅತ್ತೆಯೋ ಸೊಸೆಯೋ ಎಂದು ಹೇಳುತ್ತಿದ್ದೆ. ಕೊನೆಗೆ ಬೀಗರು ಏಳುವ ಹೊತ್ತಿಗೆ ಆಯಿ ಬಾಯಿ ಬಿಟ್ಟೇ ಅನ್ನುತ್ತಿದ್ದಳು, “ಮಳಖೇಡದವ್ರು ಛೊಲೊ ಕೊಡಾನೇ ಕೊಟ್ಟಿದ್ರು ನೋಡ್ರಿ. ಇಕಿ ಕೈಯಾಗ ಯಾವುದು ನೆಟ್ಟಗ ಉಳೀತದ?” ಅವ್ವ ತಲೆ ಬಗ್ಗಿಸಿಕೊಂಡು ಕಪ್ಪುಬಸಿ ಎತ್ತುತ್ತಿದ್ದಳು.

ನನಗೆ ಮಾತ್ರ ಆ ನಗ್ಗಿನ ಮೇಲೆ ಪ್ರೀತಿ. ಅವ್ವ ಕೊಡವನ್ನು ಸೊಂಟದ ಮೇಲೆ ಇಟ್ಟರೆ ಅವಳ ಎಲುಬು ಆ ತಗ್ಗಿನಲ್ಲಿ ಸರಿಯಾಗಿ ಕೂರುತ್ತಿತ್ತು. ಓಣಿಯ ಉಳಿದ ಹೆಂಗಸರು ಹತ್ತು ಹೆಜ್ಜೆಗೊಮ್ಮೆ ನಿಂತು, ಜಾರುವ ಕೊಡವನ್ನು ಮೇಲಕ್ಕೆ ಎತ್ತಿಕೊಳ್ಳುತ್ತಿದ್ದರು. ಅವ್ವ ಬಾವಿಯಿಂದ ಮನೆಯ ತನಕ ಒಂದು ಕೈ ಬೀಸಿಕೊಂಡು ಆರಾಮಾಗಿ ಬರುತ್ತಿದ್ದಳು. ಇದನ್ನು ಅವಳು ಗಮನಿಸಿದ್ದಳೋ ಇಲ್ಲವೋ ಗೊತ್ತಿಲ್ಲ. ನಾನು ಕೇಳಲಿಲ್ಲ. ಕೇಳಬೇಕಾದದ್ದನ್ನು ಕೇಳಬೇಕಾದಾಗ ಕೇಳುವ ಬುದ್ಧಿ ನನಗೆ ಯಾವತ್ತೂ ಬಂದಿಲ್ಲ.

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಗಿ ಒಂದೆರಡು ವರ್ಷವಾಗಿತ್ತು. ನಾನು ಹಟ ಹಿಡಿದು, ಎರಡು ದಿನ ಊಟ ಬಿಟ್ಟು, ಗುಲ್ಬರ್ಗಾದಲ್ಲಿ ಚಿತ್ರಕಲೆ ಕಲಿಯಲು ಸೇರಿದೆ. ಕಲ್ಲಿನ ಖಣಿಯಲ್ಲಿ ದುಡಿಯುತ್ತಿದ್ದ ಅಪ್ಪನಿಗೆ ಇದು ಯಾವ ಓದು ಎಂದೇ ತಿಳಿಯಲಿಲ್ಲ. “ಬೋರ್ಡ್ ಬರೀಲಿಕ್ಕ ಕಲಸ್ತಾರೇನು?” ಎಂದು ಕೇಳಿದ. ಹೌದು ಅಂದೆ. ಹಾಗಂದರೇ ಕಳಿಸುವನೆಂದು ಗೊತ್ತಿತ್ತು.

ಅಲ್ಲಿಯ ಮೇಷ್ಟ್ರು ಮೊದಲ ವರ್ಷವೇ ನಮ್ಮ ಜಲಪಾತಗಳನ್ನೂ ನವಿಲುಗಳನ್ನೂ ಪಕ್ಕಕ್ಕೆ ಇಡಿಸಿದರು. ದೊಡ್ಡ ಊರುಗಳಲ್ಲಿ ಈಗ ಕಲಾವಿದರು ಮುರಿದ ಕುರ್ಚಿ, ಹಳೆಯ ಬೂಟು, ಅಡುಗೆಮನೆಯ ಡಬ್ಬಿಗಳನ್ನೇ ಬರೆಯುತ್ತಿದ್ದಾರೆ, ನೀವೂ ಮನೆಯ ಒಂದು ವಸ್ತು ತೆಗೆದುಕೊಂಡು ಬನ್ನಿ ಅಂದರು. ಬಳಸಿ ಸವೆದದ್ದಿರಬೇಕು, ಅಂಗಡಿಯಿಂದ ತಂದದ್ದು ಬೇಡ. ಬರೆದ ಚಿತ್ರಗಳನ್ನು ಊರವರೆಲ್ಲ ನೋಡುವಂತೆ ಪ್ರದರ್ಶನಕ್ಕೆ ಇಡುತ್ತೇವೆ. ವಾಡಿಯಿಂದ ಬರುತ್ತಿದ್ದವನು ಅಪ್ಪನ ರೈಲ್ವೆ ಕಂದೀಲು ತಂದ. ಚಿಂಚೋಳಿ ಕಡೆಯ ಹುಡುಗಿ ಅಂಚು ಹರಿದ ಮೊರ ತಂದಳು. ನಾನು ತರಬೇಕೆಂದುಕೊಂಡದ್ದು ಕೊಡವನ್ನು. ಕೊಡವನ್ನೂ ಅಲ್ಲ, ಅದರ ನಗ್ಗನ್ನು. ಮುಂದಿನ ವಾರ ಬಂದು ಕೊಡ ಒಯ್ಯುತ್ತೇನೆ, ಅದರ ಚಿತ್ರ ಹತ್ತು ಮಂದಿ ನೋಡುವ ಕಡೆ ಇಡುತ್ತಾರೆ ಎಂದು ಮನೆಗೆ ಒಂದು ಕಾರ್ಡು ಬರೆದೆ. ಆ ಕಾರ್ಡು ಬರೆಯದೆ ನೇರ ಹೋಗಿದ್ದರೆ ಚೆನ್ನಾಗಿತ್ತು.

ಮನೆಗೆ ಹೋದರೆ ಅಡುಗೆಮನೆಯ ಕಟ್ಟೆಯ ಮೇಲೆ ಕೊಡ ಬಂಗಾರದಂತೆ ಹೊಳೆಯುತ್ತಿತ್ತು. ಅವ್ವ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದ್ದಳು. ಕಂಠಕ್ಕೆ ಕುಂಕುಮ, ವಿಭೂತಿ ಹಚ್ಚಿದ್ದಳು. ನಾನು ಓಡಿಹೋಗಿ ಕೊಡ ತಿರುಗಿಸಿದೆ, ಮತ್ತೊಮ್ಮೆ ತಿರುಗಿಸಿದೆ. ಎಲ್ಲಾ ಕಡೆಯೂ ಗುಂಡಗೆ.

“ನಗ್ಗು ಎಲ್ಲಿ?”

“ತಗಸೀನಿ,” ಅಂದಳು ಅವ್ವ ನಗುತ್ತಾ. ಕಲಾಯಿ ಹಚ್ಚುವವನು ಓಣಿಗೆ ಬಂದಾಗ ಹಿಡಿದು ಕೂರಿಸಿದ್ದಳಂತೆ. ಅವನು ಕೊಡದೊಳಗೆ ಬಾಗಿದ ಸಲಾಕೆ ಇಟ್ಟು, ಹೊರಗೆ ಉಳಿದ ಅದರ ತುದಿಗೆ ಕಟ್ಟಿಗೆಯ ಸುತ್ತಿಗೆಯಲ್ಲಿ ಬಡಿದು ಬಡಿದು ನಗ್ಗು ಎಬ್ಬಿಸಿದ್ದ.

“ಯಾಕ ತಗಸ್ದಿ? ನನಗ ಬೇಕಾಗಿದ್ದೇ ಅದು!” ಎಂದು ಕಿರುಚಿದೆ.

“ನಗ್ಗು ಯಾರಿಗಿ ಬೇಕು, ಹುಚ್ಚಿ? ಫೋಟೋ ತಗಸೂ ಮುಂದ ಮಾರಿ ತೊಳಕೊಂಡು, ಕುಂಕುಮ ಹಚ್ಕೊಂಡು ಕುಂಡ್ರೂದಿಲ್ಲೇನು? ಇದೂ ಹಂಗೇ.”

ನಾನು ಸುಮ್ಮನಾಗಲಿಲ್ಲ. ನಿನಗೆ ಏನೂ ತಿಳಿಯುವುದಿಲ್ಲ, ನನ್ನ ಚಿತ್ರ ಹಾಳು ಮಾಡಿದೆ ಅಂದೆ. ಇನ್ನೂ ಏನೇನೋ ಅಂದೆ. ಅವ್ವನ ನಗು ನಿಂತಿತು. ಸೆರಗಿನ ತುದಿಯಿಂದ ಕೊಡದ ಮೇಲಿನ ನನ್ನ ಬೆರಳಿನ ಗುರುತು ಒರೆಸಿದಳು.

“ಇಪ್ಪತ್ತೈದು ವರ್ಷ ಇದನ್ನ ಗ್ವಾಡಿ ಕಡಿ ತಿರುಗಿಸಿ ಇಟ್ಟೀನವ್ವ. ನಿಮ್ಮ ಆಯಿ ಸತ್ತು ಎರಡು ವರ್ಷ ಆತು, ಈಗೂ ಗ್ವಾಡಿ ಕಡೀನೇ ಇಡ್ತೀನಿ. ಒಮ್ಮೆರೆ ಇದು ಮಂದಿ ಕಡಿ ಮಾರಿ ಮಾಡಿ ನಿಲ್ಲಲಿ. ಛಂದ ಮಾಡಿ ಚಿತ್ರ ತಗಿ.”

ಕೊಡವನ್ನು ತನ್ನ ಮದುವೆಯ ಇಳಕಲ್ ಸೀರೆಯಲ್ಲಿ ಸುತ್ತಿ, ನನ್ನನ್ನು ಬಸ್ಸು ಹತ್ತಿಸಿ ತೊಡೆಯ ಮೇಲೆ ಇಟ್ಟಳು. ಅವಳಿಗೆ ಬೇಕಾದದ್ದು ಏನು ಎಂದು ಇಷ್ಟು ಸ್ಪಷ್ಟವಾಗಿ ಅವಳು ನನಗೆ ಬೇರೆ ಯಾವತ್ತೂ ಹೇಳಿರಲಿಲ್ಲ. ಎಲ್ಲಾ ಕೇಳಿಸಿಕೊಂಡೇ ನಾನು ಮೋಸ ಮಾಡಿದೆ. ಗುಲ್ಬರ್ಗಾಕ್ಕೆ ಬಂದು ಕೊಡವನ್ನು ಎದುರಿಗಿಟ್ಟುಕೊಂಡು, ಅದರ ಮೇಲೆ ಇಲ್ಲದ ನಗ್ಗನ್ನು ನೆನಪಿನಿಂದ ಬರೆದೆ. ಚಿತ್ರದಲ್ಲಿ ಹೊಳಪು ಬಿಟ್ಟು ಮಸಿ ಬಣ್ಣ ಹಾಕಿದೆ. ಚಿತ್ರದ ನಟ್ಟನಡುವೆ, ಎದುರು ನಿಂತವರ ಕಣ್ಣಿಗೆ ಮೊದಲು ಬೀಳುವುದೇ ನಗ್ಗು. ಮೇಷ್ಟ್ರು ನನ್ನ ಹಿಂದೆ ಬಂದು ನಿಂತು, “ಈಗ ನೋಡು, ಕೊಡ ಮಾತಾಡ್ತದ,” ಅಂದರು. ನಾನು ಗಾಳಿಯಲ್ಲಿ ತೇಲಿದೆ.

ಪ್ರದರ್ಶನದ ದಿನ ಅವ್ವ ಬೆಳಗಿನ ಪ್ಯಾಸೆಂಜರ್ ಗಾಡಿಗೆ ಬಂದಳು. ಒಬ್ಬಳೇ ಬಂದದ್ದು ಅದೇ ಮೊದಲು. ಕೈಯಲ್ಲಿ ರೊಟ್ಟಿ, ಶೇಂಗಾ ಹಿಂಡಿಯ ಗಂಟು. ಒಳಗೆ ಜನ ಚಿತ್ರಗಳನ್ನು ನೋಡಿ ಕಕ್ಕಾಬಿಕ್ಕಿಯಾಗಿದ್ದರು. “ಇದೇನ್ರಿ, ಭಾಂಡೆ ಸಾಮಾನಿನ ಅಂಗಡಿ ಇಟ್ಟೀರೇನು?” ಎಂದು ಒಬ್ಬರು ನಕ್ಕರು. ಅವ್ವ ನಗಲಿಲ್ಲ. ಕಂದೀಲಿನ ಮುಂದೆ ನಿಂತಳು, ಮೊರದ ಮುಂದೆ ನಿಂತಳು. ಒಂದೊಂದನ್ನೂ ದಾಟುವಾಗ ಮುಂದಿನದು ತನ್ನದೇ ಇರಬೇಕು ಎಂದು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ನಾನು ಅವಳ ಹಿಂದೆ ನಡೆಯುತ್ತಿದ್ದೆ. ಆಗಲೇ ನನಗೆ ಒಳಗೊಳಗೆ ಭಯ ಶುರುವಾಗಿತ್ತು.

ಕೊಡದ ಮುಂದೆ ನಿಂತಳು. ಕಂಠದ ಬಳ್ಳಿ ನೋಡಿದಳು. ಆಮೇಲೆ ಅವಳ ಕಣ್ಣು ಕೆಳಗಿಳಿಯಿತು. ಅಷ್ಟರಲ್ಲಿ ಮೇಷ್ಟ್ರು ಬಂದರು. ನಾನು ಗಾಬರಿಯಲ್ಲೇ, “ಸರ್, ಇವರು ನಮ್ಮ ಅವ್ವ. ಕೊಡ ಇವರದೇ,” ಅಂದೆ. ಮೇಷ್ಟ್ರು ಕೈ ಮುಗಿದರು. ಅವ್ವನೂ ಕೈ ಮುಗಿದಳು.

“ನಮ್ದಲ್ಲರಿ ಇದು,” ಅಂದಳು ಮೆಲ್ಲಗೆ. “ನಮ್ಮ ಕೊಡಕ್ಕ ನಗ್ಗಿಲ್ಲರಿ.”

ಹೊರಗೆ ಬೇವಿನ ಮರದ ಕೆಳಗೆ ಗಂಟು ಬಿಚ್ಚಿ ನನಗೆ ರೊಟ್ಟಿ ಮುರಿದು ಕೊಟ್ಟಳು. ತಾನೂ ತಿಂದಳು. ಬೈಯಲಿಲ್ಲ. ಊರಿನ ಸುದ್ದಿಯೆಲ್ಲ ಹೇಳಿದಳು. ಕೊನೆಗೆ ಕೈ ತೊಳೆದು, ಎಲ್ಲೋ ನೋಡುತ್ತಾ ಅಂದಳು, “ನಿಮ್ಮ ಆಯಿ ಇರಬೇಕಾಗಿತ್ತು. ಭಾಳ ಖುಷಿ ಪಡ್ತಿದ್ದಳು.”

ಆಯಿ ಹತ್ತು ಬೀಗರ ಮುಂದೆ ಮಾಡುತ್ತಿದ್ದ ಕೆಲಸವನ್ನು ನಾನು ಇಡೀ ಊರಿನ ಮುಂದೆ ಮಾಡಿದ್ದೆ. ಕರ್ ಅನ್ನುವ ಸದ್ದು ಕೂಡ ಬಾರದಂತೆ ತಿರುಗಿಸಿದ್ದೆ.

ಆ ಚಿತ್ರ ಶಾಲೆಯಲ್ಲೇ ಉಳಿಯಿತು. ಕೊಡ ಅವ್ವನ ಜೊತೆ ಅದೇ ದಿನ ಊರಿಗೆ ಹೋಯಿತು. ರಜೆಯಲ್ಲಿ ಹೋದಾಗ ನೋಡಿದೆ, ಅವ್ವ ಬಾವಿಯಿಂದ ಬರುತ್ತಿದ್ದಳು. ಗುಂಡಗಾದ ಕೊಡ ಅವಳ ಸೊಂಟದ ಮೇಲೆ ನಿಲ್ಲುತ್ತಿರಲಿಲ್ಲ. ಸೆರಗನ್ನು ಮಡಿಸಿ ಸೊಂಟದಲ್ಲಿ ಸಿಕ್ಕಿಸಿಕೊಂಡು ಅದರ ಮೇಲೆ ಇಟ್ಟಿದ್ದಳು. ಆದರೂ ಹತ್ತು ಹೆಜ್ಜೆಗೊಮ್ಮೆ ನಿಂತು ಎತ್ತಿಕೊಳ್ಳುತ್ತಿದ್ದಳು. “ಕೊಡು, ನಾ ತರ್ತೀನಿ,” ಎಂದು ಇಸಿದುಕೊಂಡೆ. ನನಗೂ ನಿಲ್ಲಲಿಲ್ಲ. ಅಷ್ಟು ವರ್ಷ ಆರಾಮಾಗಿ ಹೊತ್ತ ನೀರನ್ನು ಅವಳು ನನ್ನ ಚಿತ್ರಕ್ಕಾಗಿ ಕಷ್ಟ ಮಾಡಿಕೊಂಡಿದ್ದಳು. ಅವಳು ಕೇಳಿದ ಚಿತ್ರವನ್ನೂ ನಾನು ಅವಳಿಗೆ ಕೊಟ್ಟಿರಲಿಲ್ಲ.

ತಪ್ಪಾಯಿತು ಅನ್ನುವುದು ನಮ್ಮಂಥ ಮನೆಗಳಲ್ಲಿ ಬಾಯಿಂದ ಬರುವುದಿಲ್ಲ. ಅವಳ ಕೊಡವನ್ನು ಅವಳು ಹೇಳಿದಂತೆ ಬರೆದು ತೋರಿಸುತ್ತೇನೆ ಎಂದುಕೊಂಡೆ. ಈ ವರ್ಷ, ಮುಂದಿನ ವರ್ಷ ಎನ್ನುತ್ತಾ ಹೋದೆ. ಹೊಳಪು ಬರೆಯುವುದು ಕಷ್ಟ ಎಂಬ ನೆವವೂ ಇತ್ತು. ಓಣಿಗೆ ನಲ್ಲಿ ಬಂತು, ಅವ್ವ ಬಾವಿಗೆ ಹೋಗುವುದು ಬಿಟ್ಟಳು. ಆಮೇಲೆ ಒಂದು ಬೇಸಿಗೆಯಲ್ಲಿ ಅವಳೇ ಹೋಗಿಬಿಟ್ಟಳು. ಕೊಡವನ್ನು ನಾನು ತಂದುಕೊಂಡೆ.

ಆ ವರ್ಷವೇ ಚಿತ್ರ ಮುಗಿಸಿದೆ. ಹುಣಸೆಹಣ್ಣು, ಬೂದಿ ಹಾಕಿ ನಾನೇ ತಿಕ್ಕಿದೆ, ಕುಂಕುಮ ಹಚ್ಚಿದೆ, ಹೊಳೆಯುವ ಕೊಡವನ್ನು ಕಂಡಂತೆ ಬರೆದೆ. ಪ್ರದರ್ಶನದಲ್ಲಿ ಇಟ್ಟಾಗ ಯಾರೂ ಹೆಚ್ಚು ಹೊತ್ತು ನಿಲ್ಲಲಿಲ್ಲ. ಕ್ಯಾಲೆಂಡರಿನ ಹಾಗಿದೆ ಎಂದು ಯಾರೋ ಅಂದದ್ದು ಕೇಳಿಸಿತು. ಅನ್ನಲಿ. ನಾನು ಇಡೀ ದಿನ ಅದರ ಪಕ್ಕದಲ್ಲೇ ನಿಂತಿದ್ದೆ. ಬಾಗಿಲಲ್ಲಿ ಸೀರೆ ಉಟ್ಟವರು ಯಾರು ಬಂದರೂ ನೋಡುತ್ತಿದ್ದೆ. ಸೆರಗು ಸರಿಮಾಡಿಕೊಂಡು ಒಬ್ಬಳು ಒಳಗೆ ಬರಬೇಕು, ಅವತ್ತಿನ ಹಾಗೇ ಕಂದೀಲು ದಾಟಿ, ಮೊರ ದಾಟಿ ಇಲ್ಲಿಗೆ ಬಂದು ನಿಂತು, “ಇದು ನಮ್ದರಿ” ಅನ್ನಬೇಕು.