ಚಿಕ್ಕಮ್ಮನ ಹೂಂ

ನನ್ನ ಚಿಕ್ಕಮ್ಮನಿಗೆ ಯಾರು ಏನು ಹೇಳಿದರೂ ಹೂಂಗುಟ್ಟುವ ಅಭ್ಯಾಸ. ಬಟ್ಟೆ ಹೊಲಿಸಲು ಬಂದವರು ಅಳತೆ ಕೊಡುತ್ತ ಗಂಡನ ಮೇಲಿನ ದೂರನ್ನೆಲ್ಲ ತೋಡಿಕೊಂಡರೆ, ಇವಳು ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಹೂಂ, ಹೂಂ ಎನ್ನುವಳು. ಕೇಳಿಸಿಕೊಳ್ಳುತ್ತಿದ್ದೇನೆ, ಮುಂದೆ ಹೇಳು ಎನ್ನುವುದಕ್ಕಿಂತ ಹೆಚ್ಚಿನ ಅರ್ಥ ಅದಕ್ಕಿಲ್ಲ. ಅರ್ಧ ಗಿರಾಕಿಗಳು ಅವಳ ಹೊಲಿಗೆಗಲ್ಲ, ಆ ಹೂಂಗೇ ಬರುತ್ತಾರೆಂದು ನನಗೆ ಗುಮಾನಿ.

ಜಿಲ್ಲಾ ಮಂಡಳಿಯ ಸದಸ್ಯೆಯಾದದ್ದೂ ಹೀಗೆಯೇ. ನಮ್ಮ ಬಡಾವಣೆಯ ಎರಡು ಬಣದವರು ಕಚ್ಚಾಡಿ ಸುಸ್ತಾಗಿ, ಚುನಾವಣೆಗೆ ಯಾರಿಗೂ ಬೇಡವಾಗದ ಒಬ್ಬರನ್ನು ಹುಡುಕುತ್ತ ಅವಳ ಅಂಗಡಿಗೆ ಬಂದು, "ಈ ಸಲ ನೀವು ನಿಲ್ತೀರಾ?" ಎಂದು ಕೇಳಿದರು. ಮಿಶಿನ್ನಿನ ಸದ್ದಿನಲ್ಲಿ ಅವಳು ಹೂಂ ಎಂದಳು. ಸ್ವಲ್ಪ ಹೊತ್ತು ನಿಲ್ಲಬೇಕೇನೋ ಎಂದುಕೊಂಡಳಂತೆ. ಹೊಲಿಗೆ ನಿಲ್ಲಿಸಿ ತಲೆ ಎತ್ತುವಷ್ಟರಲ್ಲಿ ಅವರು ಖುಷಿಯಿಂದ ಹೊರಟುಹೋಗಿದ್ದರು. ಬೇಡ ಎಂದು ಹೇಳಿಬರೋಣವೆಂದರೆ ಅದಕ್ಕೂ ಧೈರ್ಯ ಬೇಕಲ್ಲ. ಗೆದ್ದೂಬಿಟ್ಟಳು.

ತಿಂಗಳ ಸಾಮಾನ್ಯ ಸಭೆ ಹತ್ತಿರ ಬಂತೆಂದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ನಾನು ಜೊತೆಗೆ ಹೋಗಿ ಸಾರ್ವಜನಿಕರ ಬೆಂಚಿನಲ್ಲಿ, ಅದೂ ಅವಳ ಕಣ್ಣಿಗೆ ಬೀಳುವ ಹಾಗೆ ಕೂರಬೇಕು. ಉದ್ದನೆಯ ಮೇಜು, ಪ್ರತಿಯೊಬ್ಬರ ಮುಂದೆ ಒಂದು ಮೈಕು, ಗುಂಡಿ ಒತ್ತಿದರೆ ಹತ್ತುವ ಕೆಂಪು ದೀಪ. ಚಿಕ್ಕಮ್ಮ ಅದನ್ನು ಒತ್ತಿದ್ದನ್ನು ನಾನು ಕಂಡಿರಲಿಲ್ಲ. ಒತ್ತುವ ಅಗತ್ಯವೂ ಇರಲಿಲ್ಲ. ಈ ಮಂಡಳಿಯಲ್ಲಿ ಕೈ ಎತ್ತಿಸುವ ಪದ್ಧತಿಯೇ ಇಲ್ಲ. ಕಾರ್ಯದರ್ಶಿ ವಿಷಯ ಓದುತ್ತಾರೆ, ಅಧ್ಯಕ್ಷರು ಆಗಬಹುದಲ್ಲ ಎನ್ನುತ್ತಾರೆ, ಮೇಜಿನ ಸುತ್ತ ಹೂಂ ಏಳುತ್ತದೆ, ಅಲ್ಲಿಗೆ ಮುಗಿಯಿತು. ರಸ್ತೆ, ಚರಂಡಿ, ಬೀದಿದೀಪ ಎಲ್ಲ ಹೀಗೇ ಪಾಸು. ನಿನಗೆಂದೇ ಹೇಳಿ ಮಾಡಿಸಿದ ಜಾಗ ಎಂದು ನಾನು ಅವಳನ್ನು ಗೇಲಿ ಮಾಡುತ್ತಿದ್ದೆ.

ಆ ತಿಂಗಳು ಮಾತ್ರ ಗೇಲಿ ಮಾಡುವ ಮನಸ್ಸಿರಲಿಲ್ಲ. ನಮ್ಮ ಬಡಾವಣೆಯ ಸಣ್ಣ ಆಸ್ಪತ್ರೆಯ ಹೆರಿಗೆ ಕೋಣೆಯನ್ನು ಮುಚ್ಚಿ, ಎಲ್ಲರನ್ನೂ ಊರಾಚೆಯ ದೊಡ್ಡಾಸ್ಪತ್ರೆಗೆ ಕಳಿಸುವ ವಿಷಯ ಸಭೆಗೆ ಬರಲಿತ್ತು. ಚಿಕ್ಕಮ್ಮನ ಮಗಳು, ನನ್ನ ತಂಗಿ, ತುಂಬು ಗರ್ಭಿಣಿ. ಮೊದಲ ಹೆರಿಗೆಯಲ್ಲಿ ರಕ್ತ ನಿಲ್ಲದೆ ಅವಳು ಸುಣ್ಣದ ಹಾಗೆ ಬಿಳಿಚಿಕೊಂಡಿದ್ದಳು. ಆಸ್ಪತ್ರೆ ಪಕ್ಕದ ಬೀದಿಯಲ್ಲಿರದಿದ್ದರೆ ಉಳಿಯುತ್ತಿರಲಿಲ್ಲ ಎಂದು ನರ್ಸಮ್ಮ ಆಮೇಲೆ ಹೇಳಿದ್ದರು. ಆಯಾ ಬಡಾವಣೆಯಿಂದ ಗೆದ್ದ ಸದಸ್ಯರು ಒಪ್ಪದೆ ಅಲ್ಲಿಯದೇನನ್ನೂ ಮುಚ್ಚುವಂತಿಲ್ಲ ಎಂಬುದು ನಿಯಮ. ಅಂದರೆ ತಂಗಿಯ ಜೀವ ಈ ಪುಕ್ಕಲು ಹೆಂಗಸಿನ ಬಾಯಲ್ಲಿತ್ತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳು ಒಪ್ಪಲ್ಲ, ಒಪ್ಪಲ್ಲ ಎಂದು ಬಾಯಿಪಾಠ ಮಾಡುತ್ತಿದ್ದಳು.

ಅಧ್ಯಕ್ಷರು ಒಳ್ಳೆಯ ಮಾತುಗಾರರು. ಆ ವಿಷಯ ಬಂದೊಡನೆ ಕುರ್ಚಿಯನ್ನು ಚಿಕ್ಕಮ್ಮನ ಕಡೆಗೇ ತಿರುಗಿಸಿಕೊಂಡು, ಮನೆಯವರೊಂದಿಗೆ ಸುಖದುಃಖ ಮಾತಾಡುವ ಹಾಗೆ ಶುರು ಮಾಡಿದರು. ಕಟ್ಟಡ ಹಳೆಯದಾಗಿದೆಯಂತೆ. ಹೂಂ. ಅಲ್ಲಿಗೆ ಬರಲು ಯಾವ ಡಾಕ್ಟರೂ ಒಪ್ಪುತ್ತಿಲ್ಲವಂತೆ. ಹೂಂ. ದೊಡ್ಡಾಸ್ಪತ್ರೆಯಲ್ಲಿ ಹೊಸ ಯಂತ್ರಗಳಿವೆ, ತಾಯಂದಿರಿಗೆ ಅಲ್ಲೇ ಕ್ಷೇಮ. ಹೂಂ. ನಾನು ಬೆಂಚಿನಿಂದಲೇ ಕೆಮ್ಮಿದೆ, ಬೇಡ ಬೇಡವೆಂದು ತಲೆ ಅಲ್ಲಾಡಿಸಿದೆ. ಅವಳು ಇತ್ತ ನೋಡಲಿಲ್ಲ. ಹೆದರಿದಷ್ಟೂ ಅವಳ ಹೂಂ ಜೋರಾಗುತ್ತದೆ ಎಂಬುದು ನನಗೆ ಗೊತ್ತಿತ್ತು, ಅಧ್ಯಕ್ಷರಿಗೆ ಗೊತ್ತಿತ್ತೋ ಇಲ್ಲವೋ.

"ಅಮ್ಮನೇ ಹೂಂ ಅಂದ್ಮೇಲೆ ಇನ್ನೇನು," ಎಂದರು ಅವರು. "ಬರ್ಕೊಳ್ಳಿ."

ಕಾರ್ಯದರ್ಶಿ ಬರೆದುಕೊಂಡು ಮುಂದಿನ ವಿಷಯ ಓದತೊಡಗಿದರು. ಚಿಕ್ಕಮ್ಮನ ಮುಖದಲ್ಲಿ ಕಳೆಯೇ ಇರಲಿಲ್ಲ. ಗುಂಡಿಯತ್ತ ಚಾಚಿದ ಕೈ ತಾಗಿ ನೀರಿನ ಲೋಟ ಉರುಳಿತು. ಪಕ್ಕದ ಸದಸ್ಯರು ಒದ್ದೆಯಾದ ಅಂಗಿ ಕೊಡವುತ್ತ ಎದ್ದು ನಿಂತರು, ಓದುವುದು ನಿಂತಿತು, ಸಭೆಗೆ ಸಭೆಯೇ ಅವಳನ್ನು ನೋಡತೊಡಗಿತು. ಅವಳು ಜನ್ಮವಿಡೀ ಹೆದರಿದ್ದು ಇದೊಂದಕ್ಕೇ. ಅದು ಆಗಿಯೇಹೋಗಿತ್ತು. ಕೆಂಪು ದೀಪ ಹತ್ತಿತು.

"ಅದು ಕೇಳಿಸ್ಕೊಂಡಿದ್ದಕ್ಕೆ ಅಂದ ಹೂಂ," ಎಂದಳು. ಅವಳ ಏದುಸಿರು ಕೂಡ ಮೈಕಿನಲ್ಲಿ ಕೇಳುತ್ತಿತ್ತು. "ಒಪ್ಪಿದ್ದಕ್ಕಲ್ಲ. ನಾನು ಒಪ್ಪಲ್ಲ."

ಯಾರೋ ಕಿಸಕ್ಕೆಂದರು. ಅಧ್ಯಕ್ಷರು ನಗಲಿಲ್ಲ. ಕಾರ್ಯದರ್ಶಿಯ ಕಿವಿಯಲ್ಲಿ ಏನೋ ಪಿಸುಗುಟ್ಟಿದರು, ಅವರು ಇವರ ಕಿವಿಯಲ್ಲಿ ಪಿಸುಗುಟ್ಟಿದರು. ಕೊನೆಗೆ, ಅಮ್ಮನವರು ನಿಧಾನವಾಗಿ ಯೋಚಿಸಲಿ ಎಂದು ವಿಷಯವನ್ನು ಮುಂದಿನ ತಿಂಗಳಿಗೆ ಹಾಕಿದರು.

ಹೊರಗೆ ಬಂದವಳೇ ಮೆಟ್ಟಿಲ ಮೇಲೆ ಕೂತಳು. ನನಗೋ ಹಿಗ್ಗು. ಮುಂದಿನ ಸಭೆಯ ಹೊತ್ತಿಗೆ ತಂಗಿಯ ಹೆರಿಗೆ ಮುಗಿದಿರುತ್ತದೆ, ಇನ್ನು ನಮಗೇನೂ ಭಯವಿಲ್ಲ ಎಂದು ಅವಳ ಬೆನ್ನು ಸವರಿದೆ. ಅವಳು ನನ್ನ ಕೈ ಸರಿಸಿದಳು.

"ಅದೇ ಕಣೇ ನನಗೆ ಭಯ," ಎಂದಳು. "ಇವತ್ತು ನನ್ನ ಮಗಳ ಜೀವ ಅಂತ ಹೇಗೋ ಬಾಯಿ ಬಂತು. ಮುಂದಿನ ತಿಂಗಳು ಅವರಿವರ ಮಕ್ಕಳು. ಆವಾಗ ಹೂಂ ಅಂದ್ಬಿಟ್ರೆ?"